ಕೂತವರ ದಫ್ತರ

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಇಳಿಯುವಾಗಲೇ ಕರಿಬಸಯ್ಯನ ಬಲಗಾಲ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಹಿಂದೆ ಜೋಳದ ಚೀಲ ಹೊತ್ತುಕೊಂಡು ಇಳಿಯುತ್ತಿದ್ದವನು ತುಳಿದಿದ್ದ. ತುಳಿದದ್ದು ಅವನಿಗೆ ಗೊತ್ತೂ ಆಗಿರಲಿಲ್ಲ. ಕರಿಬಸಯ್ಯ ತಿರುಗಿ ನೋಡಿದ. ಬೈದು ಏನು ಪ್ರಯೋಜನ? ಈ ಜನಕ್ಕೆ ದೇವರು ಕಾಲು ಕೊಟ್ಟಿರುವುದೇ ಇನ್ನೊಬ್ಬರ ಕಾಲ ಮೇಲೆ ಇಡಲಿಕ್ಕೆ. ಹತ್ತೂವರೆಯಾದರೂ ಮೋಚಿ ಬಂದಿರಲಿಲ್ಲ, ಅವನು ಕೂರುವ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಬಿಸಿಲು ಮಾತ್ರ ಹೊತ್ತಿಗೆ ಮುಂಚೆಯೇ ಬಂದು ಕೂತಿತ್ತು. ಅಕ್ಕಿ ಗಿರಣಿಗಳ ಧೂಳು ಹಲ್ಲಿಗೆ ಹತ್ತಿ ಕರಕರ ಅನ್ನುತ್ತಿತ್ತು. ಕಾಲೆಳೆಯುತ್ತ ನಡೆಯುವಾಗ ಅಂಗಡಿಯವರೆಲ್ಲ ತನ್ನ ಕಾಲನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಾರೂ ನೋಡುತ್ತಿಲ್ಲ ಎಂದು ಗೊತ್ತಾದಾಗ ಅದಕ್ಕೂ ಸಿಟ್ಟು ಬಂತು. ಈ ತಿಂಗಳಲ್ಲಿ ಇದು ಮೂರನೆಯ ಸಲ. ಬೆಳಿಗ್ಗೆ ಮಸ್ಕಿಯಲ್ಲಿ ಅವ್ವ ರೊಟ್ಟಿ ಕಟ್ಟಿಕೊಡುತ್ತ, ಮತ್ತೆ ಸಿಂಧನೂರಿಗೇಕೆ ಎಂದು ಕೇಳಿದಾಗ ಕೆಲಸ ಇದೆ ಎಂದಷ್ಟೇ ಹೇಳಿದ್ದ. ಡೇಟಾಬೇಸ್ ಸರ್ವರಿಗೆ ಮೆಮೊರಿ ಸಾಲುತ್ತಿಲ್ಲ ಎಂದು ಹೇಳಿದ್ದರೆ ಅವಳು ಒಂದು ಮುಷ್ಟಿ ಬಾದಾಮಿಯನ್ನೂ ಕಟ್ಟಿ ಕಳಿಸುತ್ತಿದ್ದಳು.

ಹೋದ ವರ್ಷ, ತೊಂಬತ್ತಾರರಲ್ಲಿ, ಕಾಲುವೆ ರೈತರ ನೀರು ಪಾಳಿ ಸಂಘಕ್ಕೆ ಆ ಸರ್ವರನ್ನು ಕೂರಿಸಿ ಪ್ರೋಗ್ರಾಮು ಬರೆದುಕೊಟ್ಟವನು ಅವನೇ. ಯಾವ ತೂಬಿನಿಂದ ಯಾವ ಹೊಲಕ್ಕೆ ಯಾವ ದಿನ ಎಷ್ಟು ತಾಸು ನೀರು ಎನ್ನುವುದೆಲ್ಲ ಅದರಲ್ಲಿತ್ತು. ರೈತರದೊಂದು ಕೋಷ್ಟಕ, ಹೊಲಗಳದೊಂದು, ತೂಬುಗಳದೊಂದು, ಪಾಳಿಗಳದೊಂದು, ಎಲ್ಲಕ್ಕೂ ಒಂದಕ್ಕೊಂದು ನಂಟು. ರೈತ ಬಂದು ಹೆಸರು ಹೇಳಿದರೆ ಅವನ ಪುಟ ಪರದೆಯ ಮೇಲೆ ತೆರೆಯುತ್ತದೆ. ಅವನ ಪಾಳಿ ಬರೆದು ಪುಟ ಮುಚ್ಚಿದರೆ ಅದು ಡೇಟಾಬೇಸಿನಲ್ಲಿ ಉಳಿಯುತ್ತದೆ. ಇಷ್ಟೇ ಕೆಲಸ. ಇಷ್ಟನ್ನು ಮಾಡಲಾರದೆ ಅದು ಒಂದು ತಿಂಗಳಿಂದ, ಮಧ್ಯಾಹ್ನ ಮೂರರ ಹೊತ್ತಿಗೆ, ಮೆಮೊರಿ ಹಂಚಲು ಆಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು, ಕೆಲಸ ಮಾಡುತ್ತಿದ್ದವರನ್ನೆಲ್ಲ ಹೊರಗೆ ಹಾಕಿ, ಮುಚ್ಚದೆ ಉಳಿದ ಪುಟಗಳನ್ನು ನುಂಗಿ ಕೂರುತ್ತಿತ್ತು. ದಿನಾಲೂ ಹೀಗಾಗಿದ್ದರೆ ಕಾರಣ ಹಿಡಿಯಬಹುದಿತ್ತು. ಎರಡು ದಿನ ನೆಟ್ಟಗೆ ನಡೆದು ಮೂರನೆಯ ದಿನ ಬೀಳುತ್ತಿತ್ತು. ಮೊದಲ ಸಲ ಬಂದಾಗ ಅವನು ಡೇಟಾಬೇಸಿಗೆ ಮೀಸಲಿಟ್ಟ ಮೆಮೊರಿಯ ಮಿತಿ ಏರಿಸಿ ಹೋದ. ಎರಡನೆಯ ಸಲ ಎಂಟು ಮೆಗಾಬೈಟಿನ ಜೊತೆಗೆ ಇನ್ನೆಂಟು ಮೆಗಾಬೈಟಿನ ಚಿಪ್ಪು ತಂದು ಸಿಕ್ಕಿಸಿದ. ಎರಡೂ ಸಲ ಅಷ್ಟಿಷ್ಟು ದಿನ ತಡೆದು ಮತ್ತೆ ಅದೇ ಸಾಲು. ಹೋದ ವಾರವಂತೂ ಬಳಗಾನೂರಿನ ಕೊನೆಯ ತೂಬಿನವರ ಪಾಳಿಗಳೆಲ್ಲ ಹೀಗೆ ಅಳಿಸಿಹೋದವು. ಅಚ್ಚಾದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಎಂಟು ದಿನ ನೀರು ಬರಲಿಲ್ಲ, ಹಾಲು ತುಂಬುತ್ತಿದ್ದ ಭತ್ತ ಜೊಳ್ಳಾಯಿತು. ಜನ ಬಂದು ಕಚೇರಿಯ ಮುಂದೆ ಕೂತರು. ಇವತ್ತು ನಾಲ್ಕು ಗಂಟೆಗೆ ಸಮಿತಿಯ ಸಭೆ ಕರೆದಿದ್ದರು.

ಸಂಘದ ಕಾರ್ಯದರ್ಶಿ ಹಂಪಣ್ಣ ಬಾಗಿಲಲ್ಲೇ ಸಿಕ್ಕ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಿಸೆಯಲ್ಲಿ ಮೂರು ಬಣ್ಣದ ಪೆನ್ನು. ಒಳಗೆ ಕೂಲರಿನ ಮುಂದಿದ್ದ ಸರ್ವರಿನ ಹಣೆಗೂ ಅಂಥದೇ ಮೂರು ಗೆರೆ ಎಳೆದಿದ್ದರು, ಮೇಲೆ ಒಣಗಿದ ಚೆಂಡುಹೂವಿನ ಸರ. ಹೋದ ಅಮಾವಾಸ್ಯೆಗೆ ಕಾಯಿ ಒಡೆಯುವುದು ತಪ್ಪಿದ್ದರಿಂದಲೇ ಹೀಗಾಗುತ್ತಿದೆ ಎಂದು ಹಂಪಣ್ಣನಿಗೆ ಒಳಗೊಳಗೇ ಖಾತ್ರಿಯಿತ್ತು. ಅದನ್ನು ಎಂಜಿನಿಯರನ ಮುಂದೆ ಹೇಳಲು ನಾಚಿಕೆ, ಹೇಳದೆ ಇರಲೂ ಆಗದೆ ಅರ್ಧಂಬರ್ಧ ಗೊಣಗಿದ. ಕರಿಬಸಯ್ಯ ಅವನ ಬಾಯನ್ನೇ ನೋಡುತ್ತ, ಈ ತಲೆಯೊಳಗೆ ಎಷ್ಟು ಮೆಗಾಬೈಟು ಇದ್ದೀತು ಎಂದು ಯೋಚಿಸಿದ. ಹಂಪಣ್ಣ ಅವನನ್ನು ಮೆಟ್ಟಿಲ ಕೆಳಗೆ ಕರೆದೊಯ್ದು ದನಿ ತಗ್ಗಿಸಿದ. ತನ್ನ ಸೊಸೆ ಗಂಗಾವತಿಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದಾಳೆ, ಸರ್ಟಿಫಿಕೇಟು ಬಂದಿದೆ, ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ ಎಂದು ಯಾರೂ ಕೇಳದ ಸುದ್ದಿ ಹೇಳಿದ. ಆಮೇಲೆ ನೇರವಾಗಿ ವಿಷಯಕ್ಕೆ ಬಂದ.

"ನಾಕಕ್ಕ ಸಭಾ ಐತ್ರಿ ಸ್ವಾಮೇರ. ಮಷೀನಿನ ತಪ್ಪೋ, ಪ್ರೋಗ್ರಾಮಿನ ತಪ್ಪೋ, ಅಲ್ಲಿ ಕುಂತು ಬಡಿಯೋರ ತಪ್ಪೋ, ಮೂರ್ರಾಗ ಒಂದು ಬರದು ಸಹಿ ಮಾಡಿಕೊಡ್ರಿ. ಈ ಸಲ ಬಾಯಿ ಮಾತು ನಡಿಯಂಗಿಲ್ಲ."

ಮೂರರಲ್ಲಿ ಒಂದು. ಸಂತೆಯಲ್ಲಿ ಬದನೆಕಾಯಿ ಆರಿಸಿದಷ್ಟು ಸಲೀಸು. ಮಷೀನು ಎಂದು ಬರೆದರೆ, ಚಿಪ್ಪು ತಂದು ಹಾಕಿದವರು ಯಾರು ಎಂದು ಕೇಳುತ್ತಾರೆ. ಪ್ರೋಗ್ರಾಮು ಎಂದು ಬರೆದರೆ ಅವನ ಕಥೆ ಮುಗಿಯಿತು. ಇದೇ ಪ್ರೋಗ್ರಾಮನ್ನು ಇನ್ನೂ ನಾಲ್ಕು ಕಡೆ ಕೂರಿಸುವ ಕೆಲಸ ಬೆಂಗಳೂರಿನ ಅವನ ಕಂಪನಿಗೆ ಬರುವುದಿತ್ತು, ನಾಲ್ಕಕ್ಕೂ ಅವನೇ ಮುಖ್ಯಸ್ಥ ಎಂದು ಮಾತಾಗಿತ್ತು. ಇನ್ನು ಕುಂತು ಬಡಿಯೋರು ಎಂದರೆ ಮೆಹರಬಾನು. ನಲವತ್ತು ದಾಟಿದ ಹೆಂಗಸು, ಸೆರಗು ತಲೆಯ ಮೇಲೆ, ದಪ್ಪ ಕನ್ನಡಕ. ಟೈಪಿಂಗ್ ಕಲಿಸುವ ಶಾಲೆಯಲ್ಲಿ ಹತ್ತು ವರ್ಷ ಇದ್ದು ಇಲ್ಲಿಗೆ ದಿನಗೂಲಿಯ ಮೇಲೆ ಬಂದವಳು. ಅವಳ ನೇಮಕಕ್ಕೆ ಒಂದು ಕಾಗದವೂ ಇರಲಿಲ್ಲ, ತೆಗೆಯಲಿಕ್ಕೂ ಕಾಗದ ಬೇಕಾಗಿರಲಿಲ್ಲ. ಅವಳಿಗೆ ಕೆಲಸ ತೋರಿಸಿಕೊಟ್ಟ ದಿನ ಕರಿಬಸಯ್ಯನಿಗೆ ನೆನಪಿತ್ತು. ಒಂದೊಂದು ಕೀಲಿಯನ್ನೂ ಮೂರು ಮೂರು ಸಲ ಹೇಳಿದ್ದ, ಮೂರನೆಯ ಸಲ ಕಿವುಡರಿಗೆ ಹೇಳುವಷ್ಟು ಜೋರಾಗಿ. ಅವಳು ಮೊದಲ ಸಲಕ್ಕೇ ಕಲಿತಿದ್ದಳು ಎಂದು ಆಮೇಲೆ ತಿಳಿದರೂ ತನ್ನ ಅಭಿಪ್ರಾಯ ಬದಲಿಸುವ ಗೋಜಿಗೆ ಅವನು ಹೋಗಿರಲಿಲ್ಲ.

ಅವನು ಕಾಲೆಳೆಯುತ್ತ ಒಳಗೆ ಬಂದಾಗ ಅವಳು ಮೊದಲು ನೋಡಿದ್ದು ಕಾಲನ್ನೇ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ದೊಡ್ಡದೊಂದನ್ನು ಬಿಡಿಸಿ ಮೇಜಿನ ಅಂಚಿಗೆ ಇಟ್ಟು ಮತ್ತೆ ಪರದೆಗೆ ತಿರುಗಿದಳು. ಬೇಡ ಎನ್ನಬೇಕೆಂದುಕೊಂಡ. ಬೇಡ ಎಂದರೆ ಇಡೀ ದಿನ ಕಾಲೆಳೆಯಬೇಕು. ಬಗ್ಗಿ ಉಂಗುಟಕ್ಕೆ ಪಿನ್ನು ಚುಚ್ಚುವಾಗ ಬೆವರು ಅವನ ಕನ್ನಡಕದ ಮೇಲೆ ತೊಟ್ಟಿಕ್ಕಿತು. ಬೆಂಗಳೂರಿನಿಂದ ತಂದ ಚಪ್ಪಲಿ ಒಬ್ಬ ದಿನಗೂಲಿಯವಳ ಪಿನ್ನಿನಿಂದ ನಿಲ್ಲುವಂತಾಯಿತಲ್ಲ ಎಂದು ಅವಳ ಮೇಲೆಯೇ ಸಿಟ್ಟು ಬಂತು. ದಿನಾಲೂ ಹೇಗೆ ಕೆಲಸ ಮಾಡುತ್ತೀರೋ ಹಾಗೇ ಮಾಡಿ, ನಾನು ನೋಡಬೇಕು ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದ. ಈ ಕಚೇರಿಯಲ್ಲಿ ಅವನು ಆಡುತ್ತಿದ್ದದ್ದು ಅದೇ ಕನ್ನಡ. ಮಸ್ಕಿಯ ಮಾತು ಬಾಯಿಗೆ ಬಂದರೆ ಇವರೆಲ್ಲ ಹೆಗಲ ಮೇಲೆ ಕೈ ಹಾಕಿಯಾರು ಎಂಬ ಭಯ.

ಹಿಂದಿನ ಸಲ ಹೋಗುವಾಗ ಅವನು ಸರ್ವರಿನಲ್ಲಿ ಒಂದು ಸಣ್ಣ ಕಾವಲು ಬಿಟ್ಟಿದ್ದ. ಐದೈದು ನಿಮಿಷಕ್ಕೆ ಎಷ್ಟು ಮೆಮೊರಿ ಖಾಲಿ ಉಳಿದಿದೆ ಎಂದು ಅದು ಬರೆದಿಡುತ್ತಿತ್ತು. ಅದನ್ನೀಗ ಅಚ್ಚು ಹಾಕಿ ಉದ್ದನೆಯ ಕಾಗದವನ್ನು ಮೊಣಕಾಲ ಮೇಲೆ ಹರಡಿಕೊಂಡ. ಬೆಳಿಗ್ಗೆ ಹತ್ತೂವರೆಯಿಂದ ಖಾಲಿ ಜಾಗ ಇಳಿಯುತ್ತ ಹೋಗಿತ್ತು. ಸರಕ್ಕನೆ ಕುಸಿದಿರಲಿಲ್ಲ, ಒಂದೊಂದೇ ಮೆಟ್ಟಿಲು ಇಳಿದಿತ್ತು. ಕೆಲವು ದಿನ ಒಂದು ಗಂಟೆಗೆ ಸರಸರ ಮೇಲಕ್ಕೇರಿ ಮತ್ತೆ ನಿಧಾನವಾಗಿ ಇಳಿದಿತ್ತು. ಆ ದಿನಗಳು ಸುಗಮ. ಕೆಲವು ದಿನ ಒಂದು ಗಂಟೆಗೆ ಏರದೆ ಹಾಗೇ ಇಳಿದು ಇಳಿದು ಮೂರಕ್ಕೆ ಬಿದ್ದಿತ್ತು. ಮೆಟ್ಟಿಲುಗಳೆಲ್ಲ ಒಂದೇ ಎತ್ತರ. ಪ್ರತಿ ಸಲವೂ ಒಂದು ಲಕ್ಷ ತೊಂಬತ್ತೆರಡು ಸಾವಿರ ಬೈಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈ ಸಂಖ್ಯೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಅನ್ನಿಸಿದ್ದನ್ನು ಪಕ್ಕಕ್ಕಿಟ್ಟ. ಊರಿನ ಕರೆಂಟು ಸರಿಯಿಲ್ಲ, ಕೂಲರಿನ ನೀರು ಸಿಡಿಯುತ್ತದೆ, ತೆಂಗಿನಕಾಯಿಯ ನೀರು ಒಳಗೆ ಹೋಗಿರಬಹುದು ಎಂದು ಬೇರೆ ಬೇರೆ ಕಾರಣಗಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದ. ಅವು ಯಾವುವೂ ಹೀಗೆ ಅಳತೆ ಮಾಡಿ ಒಂದೇ ಎತ್ತರದ ಮೆಟ್ಟಿಲು ಕಟ್ಟಲಾರವು ಎಂದು ಅವನಿಗೆ ಗೊತ್ತಿತ್ತು.

ಪಡಸಾಲೆ ತುಂಬಿತ್ತು. ಪಾಳಿ ಬರೆಸಲು ಬಂದವರು ಬರೆಸಿಯಾದ ಮೇಲೂ ಹೋಗದೆ ಅಲ್ಲೇ ಕೂತಿದ್ದರು. ಹೆಗಲ ಟವೆಲ್ಲು ಹಾಸಿಕೊಂಡು, ಎಲೆಯಡಿಕೆ ಮೆಲ್ಲುತ್ತ, ಮೆಹರಬಾನುವಿನ ಮೇಜಿನಿಂದ ಹಿಡಿದು ಹೊರಗಿನ ಬೇವಿನ ಗಿಡದವರೆಗೆ. ಕೆಲಸ ಮುಗಿದರೂ ಎದ್ದು ಹೋಗಲು ಗೊತ್ತಿಲ್ಲದ ಜನ, ಎಂದುಕೊಂಡ ಕರಿಬಸಯ್ಯ. ಒಬ್ಬ ಮುದುಕ ಗೋಡೆಗೆ ಒರಗಿ ಅವನನ್ನೇ ದಿಟ್ಟಿಸುತ್ತಿದ್ದವನು ತನ್ನ ಸರದಿ ಬಂದಾಗ ಮೇಜಿನ ಹತ್ತಿರ ಬಂದು, ಮೆಹರಬಾನುವಿಗೆ ಏನೂ ಹೇಳದೆ, ಸೀದಾ ಇವನ ಕಾಲಿಗೆ ಬಗ್ಗಿದ. ಬಗ್ಗಿದ ಕೈ ಪಿನ್ನು ಚುಚ್ಚಿದ ಚಪ್ಪಲಿಯ ಮೇಲೇ ಬಂತು. ಕರಿಬಸಯ್ಯ ಕಾಲು ಹಿಂದಕ್ಕೆಳೆದುಕೊಂಡ.

"ಅಯ್ನೋರ, ಗುರ್ತು ಸಿಗಲಿಲ್ಲೇನ್ರಿ? ನಾ ಬಾಲಪ್ಪ, ಬಳಗಾನೂರು. ಕೊನಿ ತೂಬಿನ ಕೆಳಗ ನಿಮ್ಮಪ್ಪಾರ ಎರಡೆಕರೆ ಮಾಡಾಂವ ನಾನ. ಈ ಸಲ ನೀರು ಬರಲಿಲ್ರಿ. ಅವ್ವಾರಿಗೆ ನಾಕ ಚೀಲ ಕಡಿಮಿ ಬರ್ತಾವ, ತಪ್ಪು ತಿಳೀಬ್ಯಾಡ್ರಿ."

ಗುರುತು ಸಿಕ್ಕಿರಲಿಲ್ಲ. ಹುಟ್ಟಿದಾಗಿನಿಂದ ಉಂಡದ್ದು ಆ ಹೊಲದ ಅಕ್ಕಿಯೇ. ಬೆಳೆಯುವವನ ಮುಖ ನೋಡಿದ ನೆನಪು ಅವನಿಗಿರಲಿಲ್ಲ. ಭಕ್ತರು ಯಾವ ಕಾಲದಲ್ಲೋ ಅಪ್ಪ ಅಮರಯ್ಯನಿಗೆ ಕೊಟ್ಟ ಎರಡೆಕರೆ, ಅಪ್ಪ ಹೋಗಿ ಆರು ವರ್ಷವಾದರೂ ಅಪ್ಪನ ಹೆಸರಲ್ಲೇ ಇತ್ತು. ಅಯ್ನೋರ ಎಂಬ ಮಾತು ಕಚೇರಿಯ ತುಂಬ ಕೇಳಿಸಿತ್ತು. ಇಲ್ಲಿ ಅವನು ಕೆ. ಬಿ. ಸ್ವಾಮಿ, ಎಂಜಿನಿಯರ್, ಜೋಳಿಗೆ ಹಿಡಿದು ಮನೆ ಮನೆಗೆ ಹೋಗುತ್ತಿದ್ದ ಮಸ್ಕಿ ಅಯ್ಯನ ಮಗ ಅಲ್ಲ. ಈಗ ಪಡಸಾಲೆಯ ಐದಾರು ತಲೆಗಳು ಇತ್ತ ತಿರುಗಿ ಭಕ್ತಿಯಿಂದ ನೋಡತೊಡಗಿದವು. ಆ ಭಕ್ತಿ ಅವನಿಗೆ ಬೈಗುಳಕ್ಕಿಂತ ಕಡೆಯಾಗಿ ತಗುಲಿತು. ಭತ್ತ ಜೊಳ್ಳಾದವನೇ ಬಂದು ಇವನ ಹತ್ತಿರ ಕ್ಷಮೆ ಕೇಳುತ್ತಿದ್ದಾನೆ. ಇಂಥ ಮೂರ್ಖತನಕ್ಕೆ ಏನು ಹೇಳುವುದು? ಇರಲಿ ಬಿಡಿ ಎಂದು ಬೇರೆ ಕಡೆ ನೋಡಿದ. ಮೆಹರಬಾನು ಅಷ್ಟರಲ್ಲಿ ಅಮರಯ್ಯನ ಪುಟ ತೆರೆದು, ಗುರುವಾರಕ್ಕೆ ನಾಲ್ಕು ತಾಸಿನ ಪಾಳಿ ಬರೆದು, ಬಾಲಪ್ಪನಿಗೆ ಎರಡು ಸಲ ಓದಿ ಹೇಳಿದಳು. ಬಾಲಪ್ಪ ಹೋಗಿ ಗೋಡೆಗೆ ಒರಗಿ ಕೂತ. ಆಮೇಲೆ ಅವಳು ಒತ್ತಿದ ಕೀಲಿಯನ್ನು ಕರಿಬಸಯ್ಯ ಕಂಡ. ಮುಚ್ಚುವ ಕೀಲಿಯಲ್ಲ; ಒಂದನ್ನು ಮುಚ್ಚದೆ ಅದರ ಮೇಲೆ ಇನ್ನೊಂದನ್ನು ತೆರೆಯುವ ಕೀಲಿ.

ಅದನ್ನು ಯಾಕೆ ಮುಚ್ಚಲಿಲ್ಲ ಎಂದು ಕೇಳಿದ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಬಾಲಪ್ಪ ಅಲ್ಲೇ ಕುಂತಾನಲ್ರಿ ಸಾಹೇಬ್ರ. ಮುಂದ ಕುಂತ ಮನಿಷ್ಯಾನ ದಫ್ತರ ಮುಚ್ಚಬಾರದು. ನಮ್ಮ ಅಬ್ಬಾ ಹೇಳತಿದ್ರು, ಕೆಲಸ ಆಗಂಗಿಲ್ಲ ಅಂತ ಅನ್ನು ಬೇಕಾದ್ರ, ಅಂವ ಏಳೋತನಕ ದಫ್ತರ ಮಾತ್ರ ತೆರದಿರಲಿ. ಮುಚ್ಚಿದ್ರ ಎದ್ದು ಹೋಗು ಅಂದಂಗ ಆಗತೈತಿ. ಮುಚ್ಚಲಾರದ ಇನ್ನೊಂದು ತೆರಿಯಾದು ನೀವ ತೋರಿಸಿಕೊಟ್ಟಿದ್ರಿ, ಅದಕ್ಕ ಬಾಳ ಚಲೋ ಆತು."

ಅವಳ ಅಬ್ಬಾ ಹುಸೇನ್‌ಸಾಬ್ ಲಿಂಗಸುಗೂರಿನ ಕಚೇರಿಯಲ್ಲಿ ಮೂವತ್ತು ವರ್ಷ ಕಡತಗಳ ದಫ್ತರದ ಗಂಟು ಕಟ್ಟುವ, ಬಿಚ್ಚುವ ಜವಾನನಾಗಿದ್ದನಂತೆ. ಹೊಲದವರೆಲ್ಲ ಆಗ ನಡೆದು ಬರುತ್ತಿದ್ದರಂತೆ. ಅವಳು ಹೇಳುತ್ತಲೇ ಇದ್ದಳು, ಬೆರಳುಗಳು ಮುಂದಿನ ಪುಟ ತೆರೆಯುತ್ತಲೇ ಇದ್ದವು. ಹೊರಗೆ ಯಾರೋ, ಈ ತಿಂಗಳಿಡೀ ಬಳಗಾನೂರಿನ ಒಂದರ ಬಸ್ಸಿನದು ಇದೇ ಹಾಡು, ಇವತ್ತೂ ಬರಲಿಲ್ಲ, ಇನ್ನು ನಾಲ್ಕೂ ಹತ್ತರದೇ ಗತಿ ಎಂದು ಗೊಣಗಿದರು. ಕರಿಬಸಯ್ಯ ಕಾಗದ ನೋಡಿದ. ಒಂದರ ಬಸ್ಸು ಬಂದ ದಿನ ಅರ್ಧ ಜನ ಏಳುತ್ತಾರೆ, ಅರ್ಧ ಪುಟ ಮುಚ್ಚುತ್ತವೆ, ಮೆಮೊರಿ ಮೇಲಕ್ಕೇರುತ್ತದೆ. ಬಾರದ ದಿನ ಎಲ್ಲರೂ ಕೂತೇ ಇರುತ್ತಾರೆ. ಬಸ್ಸಿಲ್ಲದೆ ಊರು ಸೇರಲಾಗದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವವರು ಕೊನೆಯ ತೂಬಿನವರು, ಅದಕ್ಕೇ ಸರ್ವರ್ ಬಿದ್ದಾಗ ಅಳಿಸಿಹೋಗುವುದು ಅವರದೇ. ಪ್ರಪಂಚದ ಯಾವ ಕೈಪಿಡಿಯಲ್ಲೂ ಬರೆದಿರದ ದೋಷ. ಬಸ್ಸಿನ ಮೇಲೆ ನಿಂತ ಡೇಟಾಬೇಸು. ಅವನಿಗೆ ನಗು ಬರಬೇಕಿತ್ತು. ಈ ಮಂದಿಯ ಮರ್ಯಾದೆಯೂ ಒಂದು ರೋಗ ಎಂದು ಮನಸ್ಸಿನಲ್ಲೇ ಒಂದು ವಾಕ್ಯ ಕಟ್ಟಿದ, ಕಂಪನಿಯಲ್ಲಿ ಹೇಳಿ ನಗಿಸಲು. ವಾಕ್ಯ ಅರ್ಧಕ್ಕೇ ನಿಂತಿತು.

ಲಿಂಗಸುಗೂರಿನ ಕಚೇರಿ. ಅವನಿಗಾಗ ಹತ್ತು ವರ್ಷ, ಅಪ್ಪನ ಕಾವಿ ಅಂಗಿಯ ತುದಿ ಹಿಡಿದುಕೊಂಡು ನಿಂತಿದ್ದ. ಅದೇ ಎರಡೆಕರೆಯನ್ನು ಹೆಸರಿಗೆ ಮಾಡಿಸಲು ಅಪ್ಪ ನಾಲ್ಕನೆಯ ಸಲ ಬಂದಿದ್ದ. ಗುಮಾಸ್ತ ಕೇಳುತ್ತ ಕೇಳುತ್ತಲೇ ದಫ್ತರ ಮುಚ್ಚಿ ಕೆಂಪು ಬಟ್ಟೆಯ ಗಂಟು ಕಟ್ಟಿ ಎದ್ದು ಹೋದ. ಅಪ್ಪ ಮಾತು ನಿಲ್ಲಿಸಲಿಲ್ಲ. ಸಾಹೇಬ್ರ ಒಂದ ಮಾತು, ಸಾಹೇಬ್ರ ಒಂದ ಮಾತು ಎಂದು ಆ ಕೆಂಪು ಗಂಟಿಗೇ ಹೇಳುತ್ತ ನಿಂತ. ಹುಡುಗನಿಗೆ ಭುಗಿಲೆಂದು ಸಿಟ್ಟು ಬಂದಿತ್ತು, ಆದರೆ ಗುಮಾಸ್ತನ ಮೇಲಲ್ಲ. ಅಪ್ಪನ ಮೇಲೆ. ಹೀಗೆ ನಿಲ್ಲುವವರನ್ನು ಯಾರು ತಾನೇ ಮನುಷ್ಯರೆಂದು ಲೆಕ್ಕಕ್ಕಿಟ್ಟಾರು ಎಂದು ಆ ದಿನವೇ ತೀರ್ಮಾನಿಸಿದ್ದ; ಆಮೇಲಿನ ಓದು, ಕೆಲಸ, ಪುಸ್ತಕದ ಕನ್ನಡ, ಎಲ್ಲವೂ ಆ ತೀರ್ಮಾನದ ಮೇಲೆ ನಿಂತದ್ದು. ಆಮೇಲೆ ಯಾರೋ ಬಂದು ನೆಲದ ಮೇಲೆ ಕೂತು ಆ ಗಂಟನ್ನು ಮತ್ತೆ ಬಿಚ್ಚಿ, ಅಪ್ಪನ ಮಾತು ಮುಗಿಯುವ ತನಕ ದಫ್ತರವನ್ನು ತೆರೆದುಕೊಂಡು ಕೂತಿರಲಿಲ್ಲವೇ? ಖಾಕಿ ಅಂಗಿಯ ತೋಳೊಂದು ನೆನಪಾಗುತ್ತದೆ. ಅಥವಾ ಈಗ ಮೆಹರಬಾನು ಹೇಳಿದ್ದರಿಂದ ಹಾಗನ್ನಿಸುತ್ತಿದೆಯೇ? ಮುಖ ನೋಡಿದ್ದರೆ ಗೊತ್ತಿರುತ್ತಿತ್ತು. ಅವನು ಆಗ ನೋಡುತ್ತಿದ್ದದ್ದು ಅಪ್ಪನ ಕಾಲನ್ನು. ಅಪ್ಪನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಒಂದು ಲಕ್ಷ ತೊಂಬತ್ತೆರಡು ಸಾವಿರ. ಎರಡು ಸಾವಿರವನ್ನು ತೊಂಬತ್ತಾರರಿಂದ ಗುಣಿಸಿದರೆ ಬರುವುದು. ಪಕ್ಕಕ್ಕಿಟ್ಟದ್ದು ತಾನಾಗಿಯೇ ಎದುರು ಬಂದು ನಿಂತಿತು. ಒಂದು ಪಾಳಿ ಬರೆಯಲು ತೊಂಬತ್ತಾರು ಬೈಟು ಬೇಕು. ಒಬ್ಬ ರೈತನ ಹೆಸರಲ್ಲಿ ನಾಲ್ಕು ಪಾಳಿ ಇದ್ದೀತು, ಬಹಳವೆಂದರೆ ಹತ್ತು. ಎಷ್ಟಿವೆ ಎಂದು ಮೊದಲು ಡೇಟಾಬೇಸನ್ನು ಕೇಳಿ, ಅಷ್ಟಕ್ಕೇ ಜಾಗ ಬೇಡಬೇಕು. ಮೊದಲ ವರ್ಷದ ಹುಡುಗರಿಗೂ ಇದನ್ನು ಕಲಿಸುತ್ತಾರೆ. ಅದಕ್ಕೆ ಏಳೆಂಟು ಸಾಲು ಹೆಚ್ಚು ಬರೆಯಬೇಕಿತ್ತು. ಅವತ್ತು ಅವನಿಗೆ ಬೇಸರವಾಗಿತ್ತು. ಪ್ರತಿ ಪುಟಕ್ಕೂ ಎರಡು ಸಾವಿರ ಪಾಳಿಯ ಜಾಗವನ್ನು ಸಾರಾಸಗಟಾಗಿ ಕೊಟ್ಟು, ಪಕ್ಕದಲ್ಲಿ ಕೂತಿದ್ದವನು ಇದೇನೋ ಎಂದು ಕೇಳಿದಾಗ, ಸಿಂಧನೂರಿಗೆ ಇಷ್ಟು ಸಾಕು, ಅಲ್ಲಿ ಒಂದು ಪುಟದ ಮೇಲೆ ಇನ್ನೊಂದನ್ನು ತೆರೆಯುವಷ್ಟು ಬುದ್ಧಿ ಯಾರಿಗಿದೆ ಎಂದಿದ್ದ. ಇಬ್ಬರೂ ನಕ್ಕಿದ್ದರು. ಪುಟದ ಮೇಲೆ ಪುಟ ತೆರೆಯುವ ಕೀಲಿಯನ್ನು ಇಟ್ಟದ್ದೂ ಉದ್ಘಾಟನೆಯ ದಿನ ಸಮಿತಿಯವರು ಬಾಯಿ ಬಿಟ್ಟು ನೋಡಲಿ ಎಂದು. ಬುದ್ಧಿ ಇತ್ತು. ಕೂತವರಷ್ಟೂ ಜನರ ಪುಟ ತೆರೆದಿಡುವ ಬುದ್ಧಿ ಒಬ್ಬಳಿಗಿತ್ತು. ಅವಳು ಮಾಡಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಅವನ ಬೇಸರದಲ್ಲಿ, ಇವರನ್ನು ಅವನು ಅಳೆದ ಅಳತೆಯಲ್ಲಿ.

ಒಂದೂ ಮುಕ್ಕಾಲಿಗೆ ಮೆಹರಬಾನು ನಮಾಜಿಗೆಂದು ಹಿಂದಿನ ಕೋಣೆಗೆ ಹೋದಳು. ಹೋಗುವಾಗ, ಯಾರಾದ್ರೂ ಬಂದ್ರ ಕುಂದರಸ್ರಿ ಎಂದಳು. ಕರಿಬಸಯ್ಯ ಇನ್ನೊಂದು ಪರದೆಯ ಮುಂದೆ ಕೂತು ತನ್ನ ಪ್ರೋಗ್ರಾಮು ತೆರೆದ. ಎರಡು ಸಾವಿರ ಇದ್ದಲ್ಲಿ ಇಪ್ಪತ್ತು ಬರೆದ. ಎರಡು ಸೊನ್ನೆ ಅಳಿಸುವ ಕೆಲಸ, ಅಷ್ಟೇ. ಹೊಸ ಪ್ರೋಗ್ರಾಮು ತಯಾರಾಗಲು ಆರು ನಿಮಿಷ ಹಿಡಿಯಿತು, ಆ ಆರು ನಿಮಿಷ ಅವನು ಬಾಗಿಲ ಕಡೆಯೇ ನೋಡುತ್ತಿದ್ದ. ಈಗಾಗಲೇ ತೆರೆದ ಪುಟಗಳು ಹಳೆಯ ಗಾತ್ರದಲ್ಲೇ ಇರುತ್ತವೆ. ಇನ್ನು ಮುಂದೆ ತೆರೆಯುವವು ಚಿಕ್ಕವು. ಇವತ್ತು ಬೀಳುವುದಿಲ್ಲ. ಇನ್ನೆಂದೂ ಬೀಳುವುದಿಲ್ಲ. ಹಂಪಣ್ಣನ ಸೊಸೆ ಕೂತರೂ ಬೀಳುವುದಿಲ್ಲ, ಆಗ ಎಲ್ಲರೂ ಹೇಳುತ್ತಾರೆ, ನೋಡಿದಿರಾ, ಅವಳು ಹೋದಳು, ಸರಿಯಾಯಿತು. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಆ ಸರ್ವರಿನಲ್ಲಿ ಹಿಂದೆಂದೂ ಮಾಡಿರಲಿಲ್ಲ. ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಆ ಹೇಸಿಗೆಯಲ್ಲೇ ಒಂದು ಬಿಳಿ ಹಾಳೆ ತೆಗೆದುಕೊಂಡ.

ನಿರ್ವಾಹಕಿಯು ಪುಟಗಳನ್ನು ಕಾಲಕಾಲಕ್ಕೆ ಮುಚ್ಚದೆ ಅನಗತ್ಯವಾಗಿ ತೆರೆದಿಟ್ಟ ಕಾರಣ ಮೆಮೊರಿಯ ಕೊರತೆ ಉಂಟಾಗಿರುತ್ತದೆ ಎಂದು ಬರೆದ. ಒಂದು ಸುಳ್ಳೂ ಇಲ್ಲದ ವಾಕ್ಯ. ಅನಗತ್ಯವಾಗಿ ಎಂಬ ಒಂದೇ ಒಂದು ಮಾತನ್ನು ಬಿಟ್ಟರೆ. ಅದನ್ನು ಹೊಡೆದುಹಾಕೋಣವೇ ಎಂದು ಪೆನ್ನಿನ ತುದಿಯನ್ನು ಆ ಮಾತಿನ ಮೇಲಿಟ್ಟ. ಹಂಪಣ್ಣ ಬಂದು ಭುಜದ ಮೇಲಿಂದ ಓದಿ, ಹೂಂ ಎಂದು, ಸಹಿಯ ಜಾಗಕ್ಕೆ ಬೆರಳು ತೋರಿಸಿದ. ಆ ಬೆರಳಿನ ಉಗುರಿನಲ್ಲಿ ವಿಭೂತಿ ಇತ್ತು. ಕರಿಬಸಯ್ಯ ಸಹಿ ಮಾಡಿದ, ಹಂಪಣ್ಣ ಹಾಳೆ ತೆಗೆದುಕೊಂಡು ಮೇಲೆ ಹೋದ. ನಾಲ್ಕಕ್ಕೆ ಮೇಲಿನ ಕೋಣೆಯಲ್ಲಿ ಕುರ್ಚಿಗಳು ಸರಿದಾಡುವ ಸದ್ದು ಕೇಳಿಸಿತು. ಅವನು ಆಗಲೇ ಹೋಗಬಹುದಿತ್ತು. ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರು ಬಸ್ಸು ಬರಲು ಇನ್ನೂ ನಲವತ್ತು ನಿಮಿಷ ಇತ್ತು, ಬಿಸಿಲಿತ್ತು, ಕಚೇರಿಯ ಮುಂದೆಯೇ ಅದು ಹಾಯುತ್ತದೆ ಎಂದು ತನಗೆ ತಾನೇ ನೆಪ ಹೇಳಿಕೊಂಡು ಮೆಹರಬಾನುವಿನ ಎದುರಿನ ಕುರ್ಚಿಯಲ್ಲೇ ಉಳಿದ.

ನಾಲ್ಕೂ ಹತ್ತಕ್ಕೆ ಬಳಗಾನೂರು ಬಸ್ಸು ಬಂತು. ಪಡಸಾಲೆ ಇಡೀ ಎದ್ದು ಟವೆಲ್ಲು ಕೊಡವಿತು. ಒಬ್ಬೊಬ್ಬರೇ ಮೇಜಿನ ಹತ್ತಿರ ಬಂದು, ಬರ್ತೀನವಾ ಎಂದರು. ಹೂನ್ರಿ, ಹೋಗಿ ಬರ್ರಿ ಎಂದು ಅವಳು ಒಂದೊಂದು ಪುಟ ಮುಚ್ಚಿದಳು. ಬಾಲಪ್ಪ ದೂರದಿಂದಲೇ ಇವನಿಗೆ ಕೈ ಮುಗಿದ. ಕರಿಬಸಯ್ಯನ ಪರದೆಯ ಮೇಲೆ ಖಾಲಿ ಮೆಮೊರಿಯ ಸಂಖ್ಯೆ ಮೆಟ್ಟಿಲು ಮೆಟ್ಟಿಲಾಗಿ ಏರಿತು. ಒಂದು ಪಾಳಿಯೂ ಕಳೆದುಹೋಗಲಿಲ್ಲ. ಬಸ್ಸು ಹೊರಟ ಮೇಲೆ ಪಡಸಾಲೆಯಲ್ಲಿ ಎಲೆಯಡಿಕೆಯ ಚೂರುಗಳು, ಬೇವಿನ ಎಲೆಗಳು ಉಳಿದವು. ಸಂಖ್ಯೆ ಮಾತ್ರ ಪೂರ್ತಿ ಮೇಲೇರದೆ ಒಂದು ಮೆಟ್ಟಿಲು ಕೆಳಗೇ ನಿಂತಿತ್ತು. ಒಂದು ಲಕ್ಷ ತೊಂಬತ್ತೆರಡು ಸಾವಿರ ಬೈಟು. ಎಲ್ಲೋ ಒಂದು ಹಳೆಯ ಪುಟ ಇನ್ನೂ ತೆರೆದಿತ್ತು.

ಮೇಲಿನಿಂದ ಹಂಪಣ್ಣ ಕೂಗಿದ. ಮೆಹರಬಾನು, ಸ್ವಲ್ಪ ಮ್ಯಾಲ ಬಾರವಾ. ಅವಳು, ಬಂದೇನ್ರಿ, ಒಂದು ಪುಟ ಐತಿ ಎಂದಳು, ಏಳಲಿಲ್ಲ. ನೀವು ಹೋಗಿ, ಅದನ್ನು ನಾನು ಮುಚ್ಚುತ್ತೇನೆ ಎಂದ ಕರಿಬಸಯ್ಯ. ಅವಳು ಪರದೆಯನ್ನು ಸ್ವಲ್ಪ ಇವನ ಕಡೆ ತಿರುಗಿಸಿದಳು. ಅಮರಯ್ಯ, ಮಸ್ಕಿ. ಬಳಗಾನೂರು ಕೊನೆಯ ತೂಬು, ಎರಡು ಎಕರೆ. ಗುರುವಾರ, ನಾಲ್ಕು ತಾಸು.

"ಬಾಲಪ್ಪ ಹೋದ, ಖರೇ. ಹೊಲದ ಮಾಲಕರು ನೀವಿನ್ನೂ ಕುಂತೀರಲ್ರಿ ಸಾಹೇಬ್ರ. ಹೆಂಗ ಮುಚ್ಚಲಿ?"

ಅವಸರವಿಲ್ಲದ ದನಿ. ಮೇಲೆ ಏನು ಕಾದಿದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು; ಆ ಮುಖದಿಂದ ಯಾವುದನ್ನೂ ಓದುವುದು ಅವನಿಂದಾಗಲಿಲ್ಲ, ಈ ಒಂದು ವರ್ಷದಲ್ಲಿ ಓದಲು ನೋಡಿಯೂ ಇರಲಿಲ್ಲ. ತಾನು ಏಳದಿದ್ದರೆ ಅವಳು ಏಳುವುದಿಲ್ಲ. ತಾನು ಕೂತಿರುವ ತನಕ ಅವಳು ಈ ಕುರ್ಚಿಯಲ್ಲೇ ಇರುತ್ತಾಳೆ, ಹಂಪಣ್ಣ ಎಷ್ಟು ಸಲ ಬೇಕಾದರೂ ಕೂಗಲಿ. ಇಲ್ಲಿಂದ ಮೇಲಕ್ಕೆ ಹದಿನೈದು ಮೆಟ್ಟಿಲು. ಹೋಗಿ ಆ ಹಾಳೆ ಇಸಿದುಕೊಂಡು ಒಂದು ಮಾತು ಹೊಡೆದು, ಎರಡು ಸಾಲು ಸೇರಿಸಿ ಬರಲು ಐದು ನಿಮಿಷ ಸಾಕು. ಸೇರಿಸಬೇಕಾದ ಸಾಲುಗಳೂ ಅವನ ತಲೆಯಲ್ಲಿ ಸಿದ್ಧವಾಗಿದ್ದವು, ಒಳ್ಳೆಯ ಪುಸ್ತಕದ ಕನ್ನಡದಲ್ಲಿ. ಹಂಪಣ್ಣ ಎರಡನೆಯ ಸಲ ಕೂಗಿದ. ಅವಳು ಪೆನ್ನುಗಳನ್ನು ಡಬ್ಬಿಗೆ ಹಾಕಿ, ಮೇಜಿನ ಧೂಳನ್ನು ಅಂಗೈಯಿಂದ ಒರೆಸಿ, ಕೈ ಕಟ್ಟಿಕೊಂಡು ಕಾದಳು.

"ಇನ್ನೊಂಚೂರು ಕುಂತಿರ್ತೀನವಾ," ಎಂದ ಕರಿಬಸಯ್ಯ. ಮಾತು ಅಪ್ಪನ ಬಾಯಿಂದ ಬಂದಂತಿತ್ತು.

"ಕುಂದರ್ರಿ, ಅದಕ್ಕೇನೈತಿ," ಎಂದಳು ಅವಳು.

ಆಗ ರಸ್ತೆಯ ತಿರುವಿನಲ್ಲಿ ಲಿಂಗಸುಗೂರು ಬಸ್ಸಿನ ಹಾರ್ನ್ ಕೇಳಿಸಿತು. ಇದಾದ ಮೇಲೆ ಮಸ್ಕಿಗೆ ಏಳು ಗಂಟೆಯವರೆಗೂ ಬಸ್ಸಿರಲಿಲ್ಲ. ಕರಿಬಸಯ್ಯ ಎದ್ದ. ಏಳುವುದೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಬ್ಯಾಗು ಹೆಗಲ ಮೇಲಿತ್ತು. ಹಿಂದೆ ಕೀಲಿ ಒತ್ತಿದ ಸದ್ದು ಕೇಳಿಸಿತು, ಆ ಬದಿಯ ಪರದೆಯ ಮೇಲೆ ಸಂಖ್ಯೆ ಪೂರ್ತಿ ಮೇಲೇರಿ ನಿಂತಿತು. ಸರ್ವರಿನಲ್ಲಿ ಈಗ ಯಾವ ದೋಷವೂ ಇರಲಿಲ್ಲ, ಇತ್ತು ಎನ್ನುವುದಕ್ಕೆ ಗುರುತೂ ಉಳಿದಿರಲಿಲ್ಲ. ಅವನು ಬಾಗಿಲಲ್ಲಿ ನಿಂತು ಬಗ್ಗಿ ಉಂಗುಟದ ಪಿನ್ನಿಗೆ ಕೈ ಹಾಕಿದ, ತೆಗೆದು ಕೊಡಬೇಕೆಂದು. ಇರ್ಲಿ ಬಿಡ್ರಿ, ದೂರ ಹೋಗಾರು ನೀವು ಎಂದಳು ಮೆಹರಬಾನು. ಸೆರಗು ಸರಿಮಾಡಿಕೊಂಡು, ಬದಿಯ ಸರಳು ಹಿಡಿದು, ಮೆಟ್ಟಿಲು ಹತ್ತತೊಡಗಿದಳು.

ಕೈ ಮಾಡಿದ, ಬಸ್ಸು ನಿಂತಿತು. ಒಳಗೆ ಬೇಕಾದಷ್ಟು ಜಾಗವಿತ್ತು, ಕಂಡಕ್ಟರ್ ಎರಡು ಸಲ ಕುಂದರ್ರಿ ಅಂದ. ಕರಿಬಸಯ್ಯ ಮಸ್ಕಿಯ ತನಕ ನಿಂತೇ ಹೋದ.